ಜರ್ಮನ್ ಅಕ್ಷರ ಟೈಪ್ ಮಾಡಲು ಯಾವ ದಾರಿ?

ವಿಂಡೋಸ್‌ನಲ್ಲಿ ಆಲ್ಟ್ ಕೋಡ್, ಯುಎಸ್ ಇಂಟರ್‌ನ್ಯಾಷನಲ್ ಲೇಔಟ್, ಜರ್ಮನ್ ಲೇಔಟ್ (ಲೇಔಟ್ ಎಂದರೆ ಕೀಬೋರ್ಡ್ ಕೀಲಿಗಳ ಜೋಡಣೆ) ಈ ಮೂರಕ್ಕೂ ಕಾಸು ಖರ್ಚಿಲ್ಲ.

ಆಲ್ಟ್ ಕೋಡ್‌ಗೆ ಸೆಟ್ಟಿಂಗ್ ಬದಲಿಸುವ ಗೋಜಿಲ್ಲ: ಆಲ್ಟ್ ಒತ್ತಿ ಹಿಡಿದು 0252 ಹೊಡೆದರೆ ತಲೆಮೇಲೆ ಎರಡು ಚುಕ್ಕಿಯ ಯು ಬರುತ್ತದೆ. ಆದರೆ ಬಲಬದಿಯ ನಂಬರ್ ಪ್ಯಾಡ್ ಬೇಕು. ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. ಅಪರೂಪಕ್ಕೊಂದು ಹೆಸರು ಬರೆಯುವವರಿಗೆ ಸಾಕು.

ದಿನವೂ ಇಂಗ್ಲಿಷ್ ನಡುವೆ ಜರ್ಮನ್ ಬರೆಯುವವರಿಗೆ ಇಂಟರ್‌ನ್ಯಾಷನಲ್ಲೇ ನನ್ನ ಸಲಹೆ. ಜೋಡಿ ಉದ್ಧರಣ ಚಿಹ್ನೆ ಒತ್ತಿ, ಆಮೇಲೆ ಯು ಒತ್ತಿದರೆ ಆಯಿತು. ಬಲಗಡೆಯ ಆಲ್ಟ್ ಜೊತೆ ಎಸ್ ಒತ್ತಿದರೆ ಎಸ್‌ಜೆಟ್ (ß) ಎಂಬ ಜರ್ಮನ್ ಅಕ್ಷರ ಬರುತ್ತದೆ. ಫ್ರೆಂಚ್, ಸ್ಪ್ಯಾನಿಷ್‌ಗೂ ಇದು ನಡೆಯುತ್ತದೆ. ಬರೀ ಉದ್ಧರಣ ಚಿಹ್ನೆ ಬೇಕೆಂದರೆ ಮಾತ್ರ ಅದನ್ನೊತ್ತಿ ಆಮೇಲೆ ಸ್ಪೇಸ್ ಒತ್ತಬೇಕು. ಪ್ರೋಗ್ರಾಂ ಬರೆಯುವವರಿಗೆ ಇದು ನಿಜಕ್ಕೂ ಕಾಟ.

ಪುಟಗಟ್ಟಲೆ ಜರ್ಮನ್ನೇ ಬರೆಯುವವರು ಜರ್ಮನ್ ಲೇಔಟ್ ಕಲಿಯಲಿ. ಪಿ ಪಕ್ಕದಲ್ಲೇ ಚುಕ್ಕಿಯ ಯು. ಆದರೆ ವೈ, ಝಡ್ ಅದಲುಬದಲು.