ಒಂದೇ ಗಂಟೆ ದಾರಿ ತಾನೇ ಅಂತ ಮಕ್ಕಳನ್ನು ಹೊರಡಿಸುವ ಮುಂಚೆ

ಕಳೆದ ಏಪ್ರಿಲ್‌ನಲ್ಲಿ ನಮ್ಮ ದೊಡ್ಡವನಿಗೆ ನಾಲ್ಕು ಸಲ ರೇಬೀಸ್ ಲಸಿಕೆ ಹಾಕಿಸಬೇಕಾಯಿತು. ಐದೂವರೆ ವರ್ಷದ ಹುಡುಗ. ನಾಯಿ ಏನೂ ಕಚ್ಚಿರಲಿಲ್ಲ. ದಾವಣಗೆರೆಯಿಂದ 60 ಕಿ.ಮೀ. ಇರುವ ದುರ್ಗದ ಕೋಟೆಗೆ ರಜೆ ಅಂತ ಹೋಗಿ, ಕೋತಿ ಹತ್ತಿರ ಪರಚಿಸಿಕೊಂಡು ಬಂದ. ಕೋಟೆಯ ಮೇಲೆ ನನಗೆ ಸಿಟ್ಟಿಲ್ಲ, ಕೋತಿಯ ಮೇಲೂ ಇಲ್ಲ. "ಹತ್ತಿರ ತಾನೇ" ಅಂತ ಬರಿಗೈಯಲ್ಲಿ ಹೊರಟ ನಮ್ಮ ಮೇಲೆ ಇನ್ನೂ ಇದೆ. ಬೇಸಿಗೆ ರಜೆ ಮತ್ತೆ ಬಂತು. ಚಿಕ್ಕ ಮಕ್ಕಳಿರುವವರು ಓದಿಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ಹತ್ತಿರದ ಜಾಗವೇ ಯಾಕೆ ಅಂದರೆ. ಅದರ ಹಿಂದಿನ ವರ್ಷ ಮಲ್ಪೆಗೆ ಹೋಗಿದ್ದೆವು. ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ. ಅಲ್ಲಿ 14 ತಿರುವು. ಮಗ ಮೂರನೇ ತಿರುವಿಗೆ ವಾಂತಿ ಶುರು ಮಾಡಿದವನು ಸೋಮೇಶ್ವರ ಬರುವವರೆಗೂ ನಿಲ್ಲಿಸಲಿಲ್ಲ. ಸುಮ್ಮನಿರಲಿ ಅಂತ ಕೈಗೆ ಮೊಬೈಲ್ ಬೇರೆ ಕೊಟ್ಟಿದ್ದೆವು. ಅದೇ ದೊಡ್ಡ ತಪ್ಪಂತೆ. ಕಣ್ಣಿಗೆ ಪರದೆ ಅಲ್ಲಾಡದೆ ಕಾಣುತ್ತದೆ, ಕಿವಿಯೊಳಗಿನ ಸಮತೋಲನದ ಭಾಗ ಮಾತ್ರ ತಿರುಗುತ್ತಿದ್ದೇವೆ ಅನ್ನುತ್ತದೆ. ಎರಡಕ್ಕೂ ತಾಳ ತಪ್ಪಿ ಹೊಟ್ಟೆ ತೊಳೆಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಇದು ಜಾಸ್ತಿ. ಮನೆಗೆ ಬಂದ ಮೇಲೆ ನಮ್ಮನೆಯವರು ಒಂದು ಕಟ್ಟುಪಾಡು ಮಾಡಿದರು. ಚಿಕ್ಕವಳಿಗೆ ಐದು ತುಂಬುವವರೆಗೆ ಒಂದೂವರೆ ಗಂಟೆಗಿಂತ ದೂರ ಎಲ್ಲೂ ಇಲ್ಲ.

ಕಟ್ಟುಪಾಡು ಸರಿಯಾಗಿಯೇ ಇತ್ತು. ಆದರೆ ಅದರ ಜೊತೆ ಒಂದು ಉಡಾಫೆಯೂ ಮನೆಗೆ ಬಂತು. ಮಲ್ಪೆಗೆ ಹೊರಡುವಾಗ ಎರಡು ದಿನ ಕೂತು ಚೀಲ ತುಂಬಿದ್ದೆ. ಟೋಪಿ, ಓಆರ್‌ಎಸ್ ಪ್ಯಾಕೆಟ್, ಜ್ವರದ ಸಿರಪ್, ಸೋಪು, ಎರಡೆರಡು ಜೊತೆ ಬಟ್ಟೆ. ದುರ್ಗಕ್ಕೆ ಏನು ತುಂಬುವುದು? ಸಂಜೆಗೆ ಮನೆಯಲ್ಲೇ ಇರುತ್ತೇವಲ್ಲ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕೋಡುಬಳೆ, ನಾಲ್ಕು ಬಾಳೆಹಣ್ಣು, ಎರಡು ಬಾಟಲಿ ನೀರು. ಮುಗೀತು.

ಭಾನುವಾರ ಬೇರೆ. ಎದ್ದಿದ್ದೇ ಏಳೂವರೆಗೆ. ಹೊರಗೆ ಬೆಣ್ಣೆ ದೋಸೆ ತಿಂದೇ ಹೋಗೋಣ ಅಂತ ಹೊರಟರೆ ಅಲ್ಲಿ ಜಾಗ ಸಿಗಲಿಕ್ಕೆ ಮುಕ್ಕಾಲು ಗಂಟೆ. ಊರು ಬಿಟ್ಟಾಗ ಹತ್ತೂವರೆ. ಅತ್ತೆ ಮಾತ್ರ ಒಂದು ಸಲ, "ಬಿಸಿಲು ಏರೈತಲ್ಲೇ, ನಾಳೆ ನಸುಕಿಗೆ ಹೋದ್ರಾಗಲ್ವಾ?" ಅಂದರು. ನಾಳೆ ಸೋಮವಾರ, ಆಫೀಸು. "ಒಂದೇ ಗಂಟೆ ಅಮ್ಮ," ಅಂದರು ನಮ್ಮನೆಯವರು. ಆ ದಿನ ಈ ಮಾತನ್ನು ಎಷ್ಟು ಸಲ ಹೇಳಿದೆವೋ.

ಮಕ್ಕಳ ಸೀಟು ಅಟ್ಟದ ಮೇಲಿತ್ತು. ಒಂದು ಗಂಟೆಗೆ ಅದನ್ನು ಯಾರು ಇಳಿಸುತ್ತಾರೆ? ಪುಟ್ಟಿ ನನ್ನ ತೊಡೆಯ ಮೇಲೆ ಕೂತಳು. ಭರಮಸಾಗರ ದಾಟಿದ ಮೇಲೆ ಮುಂದಿನ ಲಾರಿ ಇದ್ದಕ್ಕಿದ್ದಂತೆ ನಿಧಾನ ಮಾಡಿತು. ನಮ್ಮವರು ಬ್ರೇಕ್ ಒತ್ತಿದರು. ಪುಟ್ಟಿಯ ಹಣೆ ಮುಂದಿನ ಸೀಟಿಗೆ ಬಡಿಯಿತು. ಸಣ್ಣ ಬುಗುಟು, ಅಷ್ಟೇ. 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿದರೆ ಕಾನೂನಿನಲ್ಲಿ 1000 ರೂಪಾಯಿ ದಂಡ ಇದೆ. ದಂಡ ಯಾರೂ ಹಾಕಲಿಲ್ಲ. ಆದರೆ ಲಾರಿ ಇನ್ನಷ್ಟು ಜೋರಾಗಿ ನಿಂತಿದ್ದರೆ ನನ್ನ ಎರಡು ಕೈ ಏನೂ ಮಾಡುತ್ತಿರಲಿಲ್ಲ.

ಇನ್ನು ಲಟ್ಟಣಿಗೆ ವಿಷಯ. ದೊಡ್ಡವನಿಗೆ ಶಾಲೆಯಲ್ಲಿ ಓಬವ್ವನ ಕತೆ ಹೇಳಿದ್ದರು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದರೆ, ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದವಳು ಒನಕೆ ಹಿಡಿದು ನಿಂತ ಕತೆ. ಇವನಿಗೂ ಒನಕೆ ಬೇಕು. ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಅಡುಗೆಮನೆಯಿಂದ ಲಟ್ಟಣಿಗೆ ಎತ್ತಿಕೊಂಡು ಬಂದು ಕಾರು ಹತ್ತಿದ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ. "ಅಮ್ಮ, ಅವ್ರು ಇವತ್ತೂ ಬರ್ತಾರಾ?" ನಮಗೆಲ್ಲ ನಗು.

ಕೋಟೆ ಬಾಗಿಲು ಮುಟ್ಟಿದಾಗ ಹನ್ನೆರಡು. ಕಾರು ನಿಲ್ಲಿಸಿದ ಕಡೆ ನೆರಳಿಲ್ಲ. ಭಾರ ಅಂತ ಒಂದು ನೀರಿನ ಬಾಟಲಿ ಕಾರಿನಲ್ಲೇ ಬಿಟ್ಟೆವು. ದುರ್ಗಕ್ಕೆ ಹೋದವರಿಗೆ ಗೊತ್ತಿರುತ್ತದೆ, ಅದು ಕಲ್ಲಿನ ಕೋಟೆ. ನೆಲ ಕಲ್ಲು, ಮೆಟ್ಟಿಲು ಕಲ್ಲು, ಗೋಡೆ ಕಲ್ಲು, ಸುತ್ತ ಆನೆಯಂಥ ಬಂಡೆಗಳು. ಚಳಿಗಾಲದ ಬೆಳಿಗ್ಗೆ ಅದರಷ್ಟು ಚೆಂದದ ಜಾಗ ಇನ್ನೊಂದಿಲ್ಲ. ಏಪ್ರಿಲ್ ಮಧ್ಯಾಹ್ನ ಮಾತ್ರ ಅದು ಕಾದ ಹೆಂಚು. ಬಿಸಿಲು ತಲೆಯ ಮೇಲೆ ಎಷ್ಟೋ, ಕಾಲ ಕೆಳಗಿಂದಲೂ ಅಷ್ಟೇ ಬರುತ್ತದೆ. ನಮ್ಮ ಎತ್ತರಕ್ಕೆ ಅದು ಸೆಕೆ. ನೆಲದಿಂದ ಎರಡೂವರೆ ಅಡಿಯಲ್ಲಿ ಮುಖ ಇರುವ ಮಗುವಿಗೆ ಒಲೆ ಮುಂದೆ ನಿಂತ ಹಾಗೆ. ನಮಗಿಂತ ಅವರ ಮೈ ಬೇಗ ಕಾಯುತ್ತದೆ ಕೂಡ.

ಪುಟ್ಟಿ ಇಪ್ಪತ್ತು ಮೆಟ್ಟಿಲು ನಡೆದಳು. ಆಮೇಲೆ "ಎತ್ಕೋ." ಹನ್ನೊಂದು ಕೆ.ಜಿ. ಎತ್ತಿಕೊಂಡು ಕೋಟೆ ಹತ್ತುವುದು ಅಂದರೆ ಏನು ಅಂತ ಅವತ್ತು ತಿಳಿಯಿತು. ಅತ್ತೆ ಮಂಡಿ ಹಿಡಿದುಕೊಂಡು ಒಂದು ಬಾಗಿಲ ನೆರಳಲ್ಲಿ ಕೂತೇ ಬಿಟ್ಟರು. ಮದ್ದು ಬೀಸುವ ಕಲ್ಲು ನೋಡಿದೆವು. ಗುಂಡಿಯೊಳಗೆ ದೊಡ್ಡ ದೊಡ್ಡ ಬೀಸುವ ಕಲ್ಲುಗಳಿವೆಯಲ್ಲ, ಅದು ಮಗನಿಗೆ ಬಹಳ ಹಿಡಿಸಿತು. ಅಷ್ಟರಲ್ಲಿ ನೀರು ಅರ್ಧ ಬಾಟಲಿಗೆ ಇಳಿದಿತ್ತು.

ಮುಂದೆ ಒಂದು ಮಂಟಪದಲ್ಲಿ ಕೂತೆವು. ಪುಟ್ಟಿ ಅಳುವುದನ್ನೂ ನಿಲ್ಲಿಸಿ ಭುಜಕ್ಕೆ ಒರಗಿದ್ದಳು. ನಿದ್ದೆ ಬಂದಿರಬೇಕು ಅಂದುಕೊಂಡೆ. ಯಾಕೋ ಡೈಪರ್ ಮುಟ್ಟಿ ನೋಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ್ದು, ಮಧ್ಯಾಹ್ನ ಒಂದು ಗಂಟೆ ದಾಟಿದ್ದರೂ ಒಣಗಿಯೇ ಇತ್ತು. ತುಟಿ ಅಂಟಂಟು. ನನ್ನ ಎದೆ ಧಸಕ್ಕೆಂದಿತು. ಇದೊಂದನ್ನು ನೆನಪಿಟ್ಟುಕೊಳ್ಳಿ. ಚಿಕ್ಕ ಮಗು ಬಾಯಾರಿಕೆ ಅಂತ ಹೇಳುವುದಿಲ್ಲ, ಡೈಪರ್ ಹೇಳುತ್ತದೆ. ಹೊತ್ತು ಕಳೆದರೂ ಒದ್ದೆಯಾಗಿಲ್ಲ, ಮಗು ಮಂಕಾಗಿದೆ ಅಂದರೆ ನಿದ್ದೆ ಅಂದುಕೊಂಡು ಸುಮ್ನೆ ಇರಬೇಡಿ. ನೆರಳಿಗೆ ಕರೆದುಕೊಂಡು ಹೋಗಿ, ಬಟ್ಟೆ ಸಡಿಲ ಮಾಡಿ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಬೇಕು. ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಲೋಟಕ್ಕೆ ಅಂದಾಜಿನಲ್ಲಿ ಸುರಿಯಬಾರದು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನಮ್ಮ ಹತ್ತಿರ ಪ್ಯಾಕೆಟ್ಟೂ ಇಲ್ಲ, ಲೀಟರ್ ನೀರೂ ಇಲ್ಲ. ಇದ್ದ ನೀರನ್ನೇ ಸ್ವಲ್ಪ ಸ್ವಲ್ಪ ಕುಡಿಸುತ್ತಾ ಕೂತೆ.

ದೊಡ್ಡವನಿಗೆ ಹಸಿವು. ಕವರ್ ಬಿಚ್ಚಿದೆ. ಪ್ಲಾಸ್ಟಿಕ್ ಕವರಿನ ಆ ಚರಚರ ಸದ್ದಿದೆಯಲ್ಲ, ಅದು ಮಂಗಗಳಿಗೆ ಊಟದ ಗಂಟೆ. ಎಲ್ಲಿದ್ದವೋ, ಮೂರು ಬಂದವು. ಎರಡು ದೂರ ಕೂತವು. ಒಂದು ನೇರ ನನ್ನ ಕವರಿಗೇ ಕೈ ಹಾಕಿತು. ನಾನು ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹತ್ತು ಕೋಡುಬಳೆ ಹೋಗುತ್ತಿತ್ತು. ಬಿಡಲಿಲ್ಲ, ಎಳೆದೆ. ಇವನಿಗೆ ಅದೇ ಸಾಕಾಯಿತು. ಅಮ್ಮನ ಮೇಲೆ ದಾಳಿ! ಲಟ್ಟಣಿಗೆ ಎತ್ತಿ "ಏಯ್" ಅಂತ ಮುಂದೆ ನುಗ್ಗಿದ. ಹೊಡೆತ ಕೋತಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ಅದು ಹಲ್ಲು ಕಿರಿದು ಅವನ ಮೊಣಕೈ ಕೆಳಗೆ ಒಂದು ಸಲ ಎಳೆಯಿತು. ಮೂರು ಗೆರೆ. ಒಂದರಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಕೋತಿ ಕವರ್ ಹಿಡಿದು ಬಂಡೆ ಏರಿತು, ಲಟ್ಟಣಿಗೆ ಉರುಳಿಕೊಂಡು ಯಾವುದೋ ಸಂದಿಗೆ ಹೋಯಿತು.

ಈಗ ತೊಳೆಯಬೇಕು. ಪ್ರಾಣಿ ಕಚ್ಚಲಿ, ಪರಚಲಿ, ಮೊದಲ ಔಷಧಿ ಸೋಪು ಮತ್ತು ಹರಿಯುವ ನೀರು. ಪೂರ್ತಿ 15 ನಿಮಿಷ. ಬಾಟಲಿಯಲ್ಲಿ ಉಳಿದಿದ್ದು ನಾಲ್ಕು ಗುಟುಕು, ಅದು ಪುಟ್ಟಿಗೆ ಬೇಕು. ಇನ್ನೊಂದು ಬಾಟಲಿ ಕಾರಿನಲ್ಲಿ ಆರಾಮಾಗಿ ಕೂತಿದೆ. ಪಕ್ಕದಲ್ಲಿದ್ದ ಒಬ್ಬರು ಪಾಪ ಅವರ ನೀರು ಕೊಟ್ಟರು. ಇನ್ನೊಬ್ಬರು ಅರಿಶಿನ ಒತ್ತಿ ಅಂದರು. ಕೆಳಗೆ ಬಂದರೆ ಅತ್ತೆ, ಕಾಫಿಪುಡಿ ಹಾಕಿದರೆ ರಕ್ತ ನಿಲ್ಲುತ್ತೆ ಅಂದರು. ಗಾಯಕ್ಕೆ ಅರಿಶಿನ, ಕಾಫಿಪುಡಿ, ಸುಣ್ಣ, ಖಾರದಪುಡಿ ಏನೂ ಹಾಕಬಾರದು. ಅಂಗಡಿಯಲ್ಲಿ ಹತ್ತು ರೂಪಾಯಿ ಸೋಪು ತಗೊಂಡು, ನಲ್ಲಿ ಕೆಳಗೆ ಕೈ ಹಿಡಿಸಿ ತೊಳೆದೆವು. ಕಾರಿನ ಬಾಟಲಿ ತೆಗೆದರೆ ನೀರು ಚಹಾ ಮಾಡುವಷ್ಟು ಕಾದಿತ್ತು.

ಅಲ್ಲಿಂದ ಸರ್ಕಾರಿ ಆಸ್ಪತ್ರೆ. ಡಾಕ್ಟರ್ ಮೊದಲು ಕೇಳಿದ್ದು, "ಸೋಪು ಹಾಕಿ ತೊಳೆದ್ರಾ?" ಅಂತ. ರಕ್ತ ಬಂದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿದರು. ಬರೀ ಗೀಚಿದ ಗುರುತಾಗಿದ್ದರೆ ಲಸಿಕೆ ಮಾತ್ರ ಸಾಕು. ಚರ್ಮ ಹರಿದು ರಕ್ತ ಬಂದರೆ ಗಾಯದ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ (ಲಸಿಕೆ ಕೆಲಸ ಶುರು ಮಾಡುವವರೆಗೆ ಕಾಪಾಡುವ ಔಷಧಿ) ಕೂಡ ಚುಚ್ಚಬೇಕು. ಸಾಸಿವೆ ಕಾಳಿನಷ್ಟಾದರೂ ರಕ್ತ ರಕ್ತವೇ. ಮೂವರು ಹಿಡಿದುಕೊಂಡೆವು. ಅವನು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಪಕ್ಕದ ಬೆಂಚಿನಲ್ಲಿ ಪುಟ್ಟಿಗೆ ಅತ್ತೆ ಓಆರ್‌ಎಸ್ ಕುಡಿಸುತ್ತಿದ್ದರು. ನಾಲ್ಕೂವರೆ ಹೊತ್ತಿಗೆ ಅವಳ ಡೈಪರ್ ಒದ್ದೆಯಾಯಿತು. ಒದ್ದೆ ಡೈಪರ್ ನೋಡಿ ಅಷ್ಟು ಖುಷಿಪಟ್ಟ ತಾಯಿ ನಾನೊಬ್ಬಳೇ ಇರಬೇಕು.

ಲಸಿಕೆ ಅವತ್ತು ಒಂದು, ಆಮೇಲೆ 3, 7 ಮತ್ತು 28ನೇ ದಿನ. ಪ್ರತಿ ಸಲ ಎರಡೂ ತೋಳಿಗೆ. ನಾವು ಹೋಗಿದ್ದು ಭಾನುವಾರ ಅಲ್ವಾ, ಏಳನೇ ದಿನವೂ ಭಾನುವಾರ, ಇಪ್ಪತ್ತೆಂಟನೇ ದಿನವೂ ಭಾನುವಾರ. ಒಪಿಡಿ ಇರುವುದಿಲ್ಲ, ದಾವಣಗೆರೆಯಲ್ಲಿ ತುರ್ತು ವಿಭಾಗದಲ್ಲಿ ಕಾದು ಹಾಕಿಸಿದೆವು. ದುರ್ಗದಲ್ಲಿ ಕೊಟ್ಟ ಚೀಟಿ ಜೋಪಾನ ಮಾಡಿದ್ದಕ್ಕೆ ಮೊದಲಿನಿಂದ ಶುರು ಮಾಡುವುದು ತಪ್ಪಿತು. ಬೇರೆ ಊರಿನಲ್ಲಿ ಮೊದಲ ಡೋಸ್ ಹಾಕಿಸಿದವರು ಆ ಚೀಟಿಯ ಫೋಟೋ ಅಲ್ಲೇ ತೆಗೆದಿಟ್ಟುಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ನಾನು ದೂರದ ಊರಿಗೆ ಹೋಗಿ ಅನ್ನುವುದಿಲ್ಲ. ಚಿಕ್ಕ ಮಕ್ಕಳಿಗೆ ಹತ್ತಿರವೇ ಸರಿ. ಆದರೆ ಈಗ ಕಿಲೋಮೀಟರ್ ನೋಡುವುದಕ್ಕಿಂತ ಮೊದಲು ಬೇರೆ ಮೂರು ನೋಡುತ್ತೇನೆ. ನೆರಳು ಎಲ್ಲಿದೆ, ನಲ್ಲಿ ಎಲ್ಲಿದೆ, ಮಗು ಎಡವಿದರೆ ಎಲ್ಲಿಗೆ ಬೀಳುತ್ತದೆ. ಹರಿಹರದ ಹರಿಹರೇಶ್ವರ ಗುಡಿ 13ನೇ ಶತಮಾನದ್ದು, ಒಳಗೆ ತಂಪು, ಮಕ್ಕಳು ಕಂಬ ಸುತ್ತುತ್ತಾ ಆಡುತ್ತಾರೆ. ಬೆಳಿಗ್ಗೆ ಹೋಗಿ ತಿಂಡಿ ಹೊತ್ತಿಗೆ ವಾಪಸ್. ಆನಗೋಡಿನ ಕಿರು ಮೃಗಾಲಯವೂ ಎರಡು ವರ್ಷದವರಿಗೆ ಹೇಳಿ ಮಾಡಿಸಿದ ಹಾಗಿದೆ. ಕೊಂಡಜ್ಜಿಗೆ ಸಂಜೆ ನಾಲ್ಕರ ಮೇಲೆ ಹೋಗುತ್ತೇವೆ, ಆದರೆ ಕೆರೆ ಇರುವುದರಿಂದ ಒಬ್ಬ ದೊಡ್ಡವರಿಗೆ ಒಂದು ಮಗು, ಅಂತ ಲೆಕ್ಕ. ಸಂತೇಬೆನ್ನೂರಿನ ಪುಷ್ಕರಣಿ ನನಗೆ ತುಂಬಾ ಇಷ್ಟ. ಆದರೆ ಮೆಟ್ಟಿಲುಗಳು ಸೀದಾ ನೀರಿಗೇ ಇಳಿಯುತ್ತವೆ. ಓಡುವ ವಯಸ್ಸಿನ ಮಗು ಇದ್ದರೆ ಇನ್ನೆರಡು ವರ್ಷ ಬಿಡಿ. ಸೂಳೆಕೆರೆಗೂ ಅದೇ ಮಾತು. ಸೆಲ್ಫಿ ತೆಗೆಯುವ ಹೊತ್ತಿನಲ್ಲಿ ಮಗು ನೀರಿನ ಅಂಚಿಗೆ ಹೋಗಿರುತ್ತದೆ.

ಮಲ್ಪೆ ಚೀಲ ಈಗ ಕಾರಿನ ಡಿಕ್ಕಿಯಲ್ಲೇ ಇರುತ್ತದೆ, ಹರಿಹರಕ್ಕೆ ಹೋದರೂ. ತಿಂಡಿ ಬಟ್ಟೆ ಚೀಲದೊಳಗೆ ಜಿಪ್ ಹಾಕಿ. ಮಂಗ ಬಂದರೆ ಕೈಯಲ್ಲಿದ್ದದ್ದು ಬಿಟ್ಟು, ಕಣ್ಣಿಗೆ ಕಣ್ಣು ಕೊಡದೆ, ಮಕ್ಕಳನ್ನು ಹಿಂದೆ ಹಾಕಿಕೊಂಡು ನಿಧಾನ ಸರಿಯುವುದು. ಓಡಬಾರದು, ಕೋಲು ಎತ್ತಬಾರದು. ಇದನ್ನು ದೊಡ್ಡವನಿಗೆ ಬಾಯಿಪಾಠ ಮಾಡಿಸಿದ್ದೇನೆ.

ಡಿಸೆಂಬರಿನಲ್ಲಿ ದುರ್ಗಕ್ಕೆ ಮತ್ತೆ ಹೋದೆವು. ಐದೂವರೆಗೆ ಮನೆ ಬಿಟ್ಟೆವು. ಇಬ್ಬರೂ ಕಾರಿನಲ್ಲಿ ನಿದ್ದೆ, ಪುಟ್ಟಿ ಅವಳ ಸೀಟಿನಲ್ಲಿ. ಕೋಟೆಯಲ್ಲಿ ಇನ್ನೂ ಚಳಿಗಾಳಿ ಇತ್ತು. ಓಬವ್ವನ ಕಿಂಡಿ ಹತ್ತಿರ ಮಗ ಬಗ್ಗಿ ಒಳಗೆ ನೋಡಿ, "ಇಷ್ಟು ಸಣ್ಣದ್ರಲ್ಲಿ ಹೆಂಗ್ ಬಂದ್ರು?" ಅಂದ. ಒಂಬತ್ತೂವರೆಗೆ ಕೆಳಗಿಳಿದು ಇಡ್ಲಿ ತಿಂದೆವು. ಇಳಿಯುವಾಗ ಅವನು ಆ ಮಂಟಪದ ಪಕ್ಕ ನಿಂತು ಬಂಡೆ ಸಂದಿಗಳನ್ನೆಲ್ಲ ಇಣುಕಿ ಹುಡುಕಿದ. ಲಟ್ಟಣಿಗೆ ಸಿಗಲಿಲ್ಲ.