80 ಎಲೆ, ಬಿಸಿ ರೊಟ್ಟಿ: ಕೊಪ್ಪಳದ ಒಂದು ಖಾನಾವಳಿಯ ಬಗ್ಗೆ

ನಮ್ಮ ಶಾಸಕರ ಮನೆಯವರು ಸ್ವಸಹಾಯ ಸಂಘದ 80 ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಊಟ ಇಟ್ಟಿದ್ದರು. ವ್ಯವಸ್ಥೆ ಎಲ್ಲಾ ನನ್ನದೇ. ‘ಬಫೆ ಬ್ಯಾಡವ್ವಾ, ಎಲಿ ಹಾಕಿ ಕುಂದ್ರಿಸಿ ನೀಡೋಣು’ ಅಂದರು ಶಾಸಕರ ಹೆಂಡತಿ, ನಮ್ಮ ಅಕ್ಕಾರು. ಹಾಗಾಗಿ ದೊಡ್ಡ ಕೇಟರಿಂಗ್‌ನವರನ್ನು ಬಿಟ್ಟು, ಹೆಣ್ಣುಮಕ್ಕಳೇ ನಡೆಸುವ ಒಂದು ಖಾನಾವಳಿಗೆ ಹೇಳಿದೆ. ಎಲೆಗೆ 180 ರೂಪಾಯಿ.

ರೊಟ್ಟಿ ಬಗ್ಗೆ ಹೇಳಲೇಬೇಕು. ಹಿತ್ತಲಲ್ಲೇ ಒಲೆ ಹೂಡಿದರು. ಬಡಿಯುವ ಸದ್ದು ಪಂಕ್ತಿವರೆಗೂ ಕೇಳುತ್ತಿತ್ತು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒಬ್ಬ ಅಜ್ಜಿ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಿದರೆ, ಪೂರಿ ಹಾಗೆ ಉಬ್ಬುತ್ತಿತ್ತು! ವಯಸ್ಸಾದವರಿಗೆ ಮೆತ್ತಗಿನದು, ಕೇಳಿದವರಿಗೆ ಕಟಕ್ ರೊಟ್ಟಿ. ಎಣ್ಣೆಗಾಯಿಗೆ ಶೇಂಗಾ, ಗುರೆಳ್ಳು ಎರಡೂ ಹುರಿದು ಹಾಕಿದ್ದರು. ಗವಿಮಠದ ಜಾತ್ರೆ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ ಕಳಿಸುವ ಊರು ನಮ್ಮದು. ಇಲ್ಲಿ ರೊಟ್ಟಿ ತಿಂದವರಿಂದ ‘ಭೇಷ್’ ಅನ್ನಿಸಿಕೊಳ್ಳೋದು ಸುಲಭ ಅಲ್ಲ. ಶೇಂಗಾ ಹೋಳಿಗೆ, ಗಂಗಾವತಿ ಸೋನಾ ಮಸೂರಿ ಅನ್ನ, ಸಾರು ಎಲ್ಲಾ ಚೆನ್ನಾಗಿತ್ತು.

ಬೇಜಾರಾಗಿದ್ದು ಬಡಿಸುವಾಗ. ನಾಲ್ಕೇ ಜನ ಬಂದಿದ್ದರು. ಕೊನೆ ಸಾಲಿಗೆ ಪಲ್ಯ ಮುಟ್ಟುವಷ್ಟರಲ್ಲಿ ರೊಟ್ಟಿ ಆರಿತ್ತು. ಅಕ್ಕಾರೇ ಸೆರಗು ಸಿಕ್ಕಿಸಿ ಚಟ್ನಿಪುಡಿ, ಮೊಸರು ಹಿಡಿದು ಹೊರಟರು. ಅವರು ನೀಡಿದ್ದು ಹೆಂಗಸರಿಗೆ ತುಂಬಾ ಖುಷಿಯಾಯಿತು, ಆದರೆ ಕರೆದವರು ಜೊತೆಗೆ ಕೂತು ಉಣ್ಣಬೇಕಿತ್ತು ಅಲ್ವಾ?

ಹೋಗುವಾಗ ಎಲ್ಲರ ಕೈಗೆ ಒಂದೊಂದು ಕಿನ್ನಾಳ ಗೊಂಬೆ ಕೊಟ್ಟೆವು. ನೀವೂ ಇವರಿಗೆ ಹೇಳುವುದಾದರೆ ಬಡಿಸೋಕೆ ಎಂಟು ಜನ ಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಮುಂದಿನ ಊಟಕ್ಕೂ ನಾನು ಇವರನ್ನೇ ಕರೆಯುತ್ತೇನೆ.