ಪಾರದರ್ಶಕ ಆರ್‌ಸಿ ಕಾರ್ ಬಾಡಿ ಮೇಲೆ ನೀರಿನ ಬಣ್ಣ: ಮೂರು ಬಗೆ, ಒಂದು ಸ್ಪ್ರೇ ಡಬ್ಬಿ, ಕಾಸರಗೋಡಿನ ಮಳೆ

ಆರ್‌ಸಿ ಕಾರಿನ, ಅಂದರೆ ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರಿನ, ಪಾರದರ್ಶಕ ಬಾಡಿ ಮೇಲೆ ಏರ್‌ಬ್ರಶ್‌ನಲ್ಲಿ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ಹೊಡೆದ ನೀರಿನ ಬಣ್ಣ, ಅಂದರೆ ನೀರು ಬೆರೆತ ಅಕ್ರಿಲಿಕ್, ಹಿಡಿಯುತ್ತದಾ? ಹಿಡಿಯುತ್ತದೆ. ಆದರೆ ಎಲ್ಲ ನೀರಿನ ಬಣ್ಣವೂ ಅಲ್ಲ. ಮತ್ತು ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಹೇರ್ ಡ್ರೈಯರ್ ಇಲ್ಲದಿದ್ದರೆ ಯಾವುದೂ ಸರಿಯಾಗಿ ಹಿಡಿಯುವುದಿಲ್ಲ.

ಬಾಡಿ ಪಾಲಿಕಾರ್ಬೊನೇಟ್. ಲೆಕ್ಸಾನ್ ಅಂತಲೂ ಅನ್ನುತ್ತಾರೆ. ಇದಕ್ಕೆ ಬಣ್ಣ ಹೊಡೆಯುವುದು ಒಳಗಡೆಯಿಂದ. ಹಾಗಾಗಿ ಮೊದಲು ಹೊಡೆದ ಪದರವೇ ಹೊರಗೆ ಕಾಣುವುದು, ಪ್ಲಾಸ್ಟಿಕ್ಕನ್ನು ಹಿಡಿದುಕೊಳ್ಳಬೇಕಾದ್ದೂ ಅದೇ. ಕಾರು ಮುರಕಲ್ಲಿಗೆ ಗುದ್ದಿದಾಗ ಬಾಡಿ ಬಾಗುತ್ತದೆ, ಬಣ್ಣವೂ ಜೊತೆಗೆ ಬಾಗಬೇಕು. ಶೋಕೇಸಿನಲ್ಲಿಡುವ ಸ್ಟೈರೀನ್ ಕಿಟ್‌ಗೆ (ಬಿಡಿಭಾಗ ಜೋಡಿಸಿ ಮಾಡುವ ಗಟ್ಟಿ ಪ್ಲಾಸ್ಟಿಕ್ಕಿನ ಮಾದರಿ) ಈ ತಲೆಬಿಸಿ ಇಲ್ಲ. ಅದಕ್ಕೇ ಜಪಾನಿನ ಮಾದರಿ ಕಂಪನಿ ತಮಿಯಾದಲ್ಲಿ ಸ್ಪ್ರೇ ಡಬ್ಬಿಗಳೂ ಬೇರೆ ಬೇರೆ: ಪಿಎಸ್ ಪಾಲಿಕಾರ್ಬೊನೇಟ್‌ಗೆ, ಟಿಎಸ್ ಸ್ಟೈರೀನ್‌ಗೆ.

ಚಕ್ರದ ಕಮಾನು ಕತ್ತರಿಸುವಾಗ ಉಳಿಯುವ ತುಂಡುಗಳನ್ನು ಎಸೆಯಬೇಡಿ, ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದಿಲ್ಲ. ನಾನು ಒಂದೇ ಬಾಡಿಯ ತುಂಡುಗಳನ್ನು ಪಾತ್ರೆ ತೊಳೆಯುವ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳು ತಾಗಿಸದೆ ಒಣಗಿಸಿ, ಎಲ್ಲದಕ್ಕೂ ಕೆಂಪು ಹೊಡೆದೆ. ಚೆನ್ನಾಗಿ ಒಣಗಿದ ಮೇಲೆ ಬಾಗಿಸಿ ನೋಡಿದೆ, ಬ್ಲೇಡಿನಲ್ಲಿ ಚೌಕ ಚೌಕವಾಗಿ ಗೀರಿ ಟೇಪ್ ಅಂಟಿಸಿ ಎಳೆದೆ. ಗೆದ್ದ ಬಣ್ಣಗಳನ್ನು ಪೂರ್ತಿ ಬಾಡಿಗೆ ಹೊಡೆದು ಮನೆ ಹಿಂದಿನ ಪದವಿನಲ್ಲಿ, ಅಂದರೆ ಮುರಕಲ್ಲಿನ ಬಯಲಿನಲ್ಲಿ, ಓಡಿಸಿದೆ.

ಸ್ಟೈರೀನ್ ಕಿಟ್‌ಗೆಂದೇ ಮಾಡಿದ ನೀರಿನ ಅಕ್ರಿಲಿಕ್ ಮೊದಲ ಸುತ್ತಿನಲ್ಲೇ ಹೋಯಿತು. ಒದ್ದೆಯಾಗಿ ಹೊಡೆದರೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ಕೂಡುತ್ತದೆ. ತೆಳುವಾಗಿ ಹೊಡೆದರೆ ನೋಡಲು ಚೆಂದ, ತುಂಡನ್ನು ಬಾಗಿಸಿದ ಕೂಡಲೇ ಸಿಪ್ಪೆ ಏಳುತ್ತದೆ. ಚಾಲಕನ ಬೊಂಬೆಯ ಮುಖಕ್ಕೆ, ಡ್ಯಾಶ್‌ಬೋರ್ಡಿಗೆ ಇಟ್ಟುಕೊಳ್ಳಿ. ಬಾಡಿಗೆ ಬೇಡ.

ನಿಜವಾದ ಪೈಪೋಟಿ ಇದ್ದದ್ದು ಉಳಿದ ಎರಡರ ಮಧ್ಯೆ. ಒಂದು, ಬಟ್ಟೆ, ಲೋಹ, ಹೆಲ್ಮೆಟ್ ಎಲ್ಲದಕ್ಕೂ ಆಗುವ ಏರ್‌ಬ್ರಶ್ ಅಕ್ರಿಲಿಕ್. ಇನ್ನೊಂದು, ಪಾಲಿಕಾರ್ಬೊನೇಟ್‌ಗೇ ಮಾಡಿದ ನೀರಿನ ಬಣ್ಣ. ಮೊದಲನೆಯದರ ಬಣ್ಣದ ಕಣ ಸಣ್ಣದು. ಏರ್‌ಬ್ರಶ್‌ನ 0.3 ಮಿ.ಮೀ. ಸೂಜಿಯಲ್ಲೂ ಸಲೀಸಾಗಿ ಬರುತ್ತದೆ, ಒಂದು ಬಣ್ಣದಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯುವ ಶೇಡಿಂಗ್‌ಗೆ ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಬರಲಿಲ್ಲ. ಆದರೆ ಟೇಪ್ ಪರೀಕ್ಷೆಯಲ್ಲಿ ಚೌಕಗಳ ಅಂಚು ಎದ್ದಿತು. ಒಳಮೈಯನ್ನು ತುಂಬ ನಯವಾದ ಸ್ಕ್ರಬ್ ಪ್ಯಾಡಿನಲ್ಲಿ ತಿಕ್ಕಿ, ಮತ್ತೆ ತೊಳೆದು ಹೊಡೆದ ತುಂಡಿನಲ್ಲಿ ಹಿಡಿತ ಎಷ್ಟೋ ಜಾಸ್ತಿ. ತಿಕ್ಕಿದ ಗೀರು ಗಟ್ಟಿ ಬಣ್ಣದಡಿ ಕಾಣುವುದಿಲ್ಲ, ಕಿಟಕಿ ಜಾಗದಲ್ಲಿ ಕಾಣುತ್ತದೆ, ಅಲ್ಲಿಗೆ ಮೊದಲೇ ಮಾಸ್ಕ್ (ಮುಚ್ಚುವ ಟೇಪ್) ಹಾಕಿರಬೇಕು.

ಪಾಲಿಕಾರ್ಬೊನೇಟ್‌ನ ಬಣ್ಣ ಸ್ವಲ್ಪ ದಪ್ಪ. 0.5 ಸೂಜಿ, 30 ಪಿಎಸ್‌ಐ ಹತ್ತಿರ ಗಾಳಿಯ ಒತ್ತಡ ಕೊಟ್ಟರೆ ಆರಾಮ. ಸೂಕ್ಷ್ಮ ಗೆರೆಗೆ ಕಷ್ಟವೇ. ಆದರೆ ತಿಕ್ಕದೆ ಹೊಡೆದರೂ ತುಂಡು ಮಡಿಸಿದ ಜಾಗದಲ್ಲಿ ಬಿರುಕು ಬಿಡಲಿಲ್ಲ. ನನಗೆ ಇದೇ ಮುಖ್ಯ. ಪದವಿನಲ್ಲಿ ಪಲ್ಟಿ ಹೊಡೆಯುವ ಕಾರಿಗೆ ಶೇಡಿಂಗ್ ಎಷ್ಟು ಚೆಂದ ಇದ್ದು ಏನು, ಬಂಪರ್ ಮೂಲೆಯಲ್ಲಿ ಬಣ್ಣವೇ ಉಳಿಯದಿದ್ದರೆ?

ಇವೆರಡಕ್ಕೂ ಗುಟ್ಟು ಮೊದಲ ಪದರ. ದೂರದಿಂದ, ಮಂಜಿನಷ್ಟೇ ತೆಳುವಾಗಿ, ಹೊಡೆದದ್ದು ಕಾಣುವುದೇ ಇಲ್ಲ ಅನ್ನಿಸುವಷ್ಟು ಹೊಡೆದು, ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಆಮೇಲೆ ಮುಂದಿನದು. ನೀರು ಹೋದ ಮೇಲೇ ಅಕ್ರಿಲಿಕ್ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಜಗಲಿಯಲ್ಲಿ ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಬಣ್ಣ ಮೇಲಿಂದ ಒಣಗಿದಂತೆ ಕಂಡು ಅಡಿಯಲ್ಲಿ ಹಸಿಯಾಗಿಯೇ ಇರುತ್ತದೆ. ಹೀಟ್ ಗನ್ ಬೇಡ, ತೆಳು ಬಾಡಿ ಸೊಟ್ಟಗಾಗುತ್ತದೆ. ಏರ್‌ಬ್ರಶ್‌ಗೆ ಗಾಳಿ ಕೊಡುವ ಕಾಂಪ್ರೆಸರಿಗೆ ನೀರು ತಡೆದು ಹಿಡಿಯುವ ವಾಟರ್ ಟ್ರ್ಯಾಪ್ ಇರಲೇಬೇಕು. ಮಳೆಗಾಲದ ಗಾಳಿಯನ್ನು ಒತ್ತಿದರೆ ಪೈಪಿನಲ್ಲಿ ನೀರು ಸೇರುತ್ತದೆ, ಅದು ಬಾಡಿ ಮೇಲೆ ಉಗುಳಿದರೆ ಅಲ್ಲಿ ಬಣ್ಣ ಹರಿದುಹೋಗುತ್ತದೆ. ಮಾರ್ಚ್, ಏಪ್ರಿಲ್‌ನ ತೊಂದರೆ ತದ್ವಿರುದ್ಧ: ಸೂಜಿಯ ತುದಿಯಲ್ಲೇ ಬಣ್ಣ ಒಣಗುತ್ತದೆ, ಆಗಾಗ ಒರೆಸುತ್ತಾ ಇರಬೇಕು.

ಸ್ಪ್ರೇ ಡಬ್ಬಿ, ಅಂದರೆ ತಮಿಯಾ ಪಿಎಸ್. ಹಿಡಿತದಲ್ಲಿ ಇದನ್ನು ನೀರಿನ ಯಾವ ಬಣ್ಣವೂ ಸೋಲಿಸಲಿಲ್ಲ. ಅದರ ದ್ರಾವಕ ಪ್ಲಾಸ್ಟಿಕ್ಕಿನ ಮೈಯನ್ನೇ ಸ್ವಲ್ಪ ಕಚ್ಚುತ್ತದೆ, ನೀರಿನ ಬಣ್ಣ ಮೇಲೆ ಕೂರುತ್ತದೆ ಅಷ್ಟೆ. ಹಾಗಾದರೆ ನೀರಿನದು ಯಾಕೆ? ಮನೆಯೊಳಗೆ ಡಬ್ಬಿ ಒತ್ತಲಾಗುವುದಿಲ್ಲ, ವಾಸನೆ ತಲೆಗೆ ಹತ್ತುತ್ತದೆ. ಹೊರಗೆ ಮಳೆ. ಸ್ಪ್ರೇ ಡಬ್ಬಿಯನ್ನು ವಿಮಾನದ ಪಾರ್ಸೆಲಿನಲ್ಲಿ ಸುಮ್ನೆ ಹಾಕಲು ಬಿಡುವುದಿಲ್ಲ, ರಸ್ತೆಯಲ್ಲೇ ಬರಬೇಕು. ನೀರಿನ ಬಣ್ಣದ ಬಾಟಲಿಗೆ ಆ ತಕರಾರಿಲ್ಲ. ಎಲ್ಲಕ್ಕಿಂತ ದೊಡ್ಡದು, ಟೇಪಿನಡಿ ನುಗ್ಗಿದ ನೀರಿನ ಬಣ್ಣವನ್ನು ಒಣಗುವ ಮುಂಚೆ ಒದ್ದೆ ಹತ್ತಿಯಲ್ಲಿ ಒರೆಸಿ ತೆಗೆಯಬಹುದು, ಡಬ್ಬಿಯದು ಕಚ್ಚಿದರೆ ಕಚ್ಚಿತು. ಅದನ್ನು ತೆಗೆಯಲು ಅಸಿಟೋನ್ ಅಥವಾ ಪೇಂಟ್ ಅಂಗಡಿಯ ಥಿನ್ನರ್ ಹಾಕಬೇಡಿ, ಪಾಲಿಕಾರ್ಬೊನೇಟ್ ಮಂಜಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ.

ಈಗ ನನ್ನ ಆಯ್ಕೆ. ಬಾಡಿಯ ಮುಖ್ಯ ಬಣ್ಣ, ಬಂಪರ್, ಚಕ್ರದ ಕಮಾನು ಎಲ್ಲ ಪಾಲಿಕಾರ್ಬೊನೇಟ್‌ನ ನೀರಿನ ಬಣ್ಣದಲ್ಲಿ. ಶೇಡಿಂಗ್ ಬೇಕಾದ ಬಾನೆಟ್ ಮತ್ತು ಬದಿಗಳಿಗೆ ಮಾತ್ರ ಎಲ್ಲದಕ್ಕೂ ಆಗುವ ಅಕ್ರಿಲಿಕ್, ತಿಕ್ಕಿದ ಮೈ ಮೇಲೆ. ಕಡು ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ, ಇಲ್ಲದಿದ್ದರೆ ಕಡು ಬಣ್ಣ ತಿಳಿಯದರ ಹಿಂದಿನಿಂದ ಇಣುಕುತ್ತದೆ. ಫ್ಲೋರೆಸೆಂಟ್ ಬಣ್ಣದ ಹಿಂದೆ ಬಿಳಿ ಕಡ್ಡಾಯ, ಬೆಳಕು ಹಾಯುವ ಕ್ಯಾಂಡಿ ಬಣ್ಣದ ಹಿಂದೆ ಬೆಳ್ಳಿ ಬಣ್ಣ. ಕಿಟಕಿಗೆ ಮಾತ್ರ ನಾನಿನ್ನೂ ಡಬ್ಬಿಯನ್ನೇ ಹಿಡಿಯುತ್ತೇನೆ, ಪಿಎಸ್-31 ಸ್ಮೋಕ್. ನೀರಿನ ಬಣ್ಣದಲ್ಲಿ ಅಷ್ಟು ಸಮನಾದ ಹೊಗೆ ಛಾಯೆ ನನಗೆ ಇದುವರೆಗೆ ಬಂದಿಲ್ಲ.